ರೊಟ್ಟಿಯ ಮೇಲೊಂದು ಕೂದಲು

ಬಂತು ನೋಡು ಮತ್ತೆ, ಎದುರಿನ ಬಿಳಿ ಗೋಡೆಯ ಮೇಲೆ, ಎಡಗಡೆಯಿಂದ ಮೆಲ್ಲಗೆ ತೇಲಿಕೊಂಡು, ಸ್ವಲ್ಪ ನೇರ ಸ್ವಲ್ಪ ಸುರುಳಿ, ತುದಿಗೊಂದು ಗಂಟು, ಕೂದಲೇ ಅದು, ಯಾರು ನೋಡಿದರೂ ಕೂದಲೆಂದೇ ಅನ್ನಬೇಕು — ಆದರೆ ನನ್ನನ್ನು ಬಿಟ್ಟು ಯಾರೂ ನೋಡಲಾರರು, ತಾಪತ್ರಯ ಇರುವುದೇ ಅಲ್ಲಿ — ಹಿಡಿಯೋಣವೆಂದು ಕಣ್ಣು ಅತ್ತ ಹೊರಳಿಸಿದರೆ ಅದೂ ಅತ್ತ ಜಾರುತ್ತದೆ, ಇತ್ತ ತಂದರೆ ಇತ್ತ, ಸುಮ್ಮನಿದ್ದರೆ ನಿಧಾನವಾಗಿ ಕೆಳಗಿಳಿದು ಗೋಡೆಯ ಬುಡಕ್ಕೆ ಹೋಗಿ ಕೂರುತ್ತದೆ, ಬೀಗರ ಮನೆಗೆ ಬಂದ ಮುದುಕನ ಹಾಗೆ, ಏಳುವ ಲಕ್ಷಣವೇ ಇಲ್ಲ. ಕಣ್ಣ ಮುಚ್ಚಿ ಕುಂಡ್ರಿ ಅಜ್ಜಿ, ಇನ್ನೊಂದ ಸಲ ಹನಿ ಹಾಕಬೇಕು, ಅನ್ನುತ್ತಾಳೆ ಗದಗಿನ ಕಣ್ಣಿನ ದವಾಖಾನೆಯ ನರ್ಸಮ್ಮ, ಅಜ್ಜಿಯಂತೆ, ನಿನ್ನ ವಯಸ್ಸಿನಲ್ಲಿ ನಾನು ಒಲೆಯ ಮುಂದೆ ಕೂತು ಒಂದು ಮದುವೆಯ ರೊಟ್ಟಿ ಒಬ್ಬಳೇ ಬಡಿದು ಎದ್ದವಳು, ಆದರೆ ಅವಳದೇನು ತಪ್ಪು, ಪಕ್ಕದ ಮನೆಯ ನಜಮಾ ತಲೆಗೆ ಹಚ್ಚಿಕೊಟ್ಟ ಮದರಂಗಿ ಕೂದಲಿನ ತುದಿಯಲ್ಲಷ್ಟೇ ಕೆಂಪಗೆ ಉಳಿದಿದೆ, ಬುಡದಲ್ಲಿ ಬೆಳ್ಳಗೆ ಬಂದಿರಬೇಕು, ಮೇಲಿನಿಂದ ಬಗ್ಗಿ ಹನಿ ಹಾಕುವವಳಿಗೆ ಅದೇ ಮೊದಲು ಕಾಣುತ್ತದೆ. ಹನಿ ಬಿತ್ತು, ಅಯ್ಯೋ ಶಿವನೇ, ಹಸಿಮೆಣಸಿನಕಾಯಿ ಕುಟ್ಟಿದ ಕೈಯಲ್ಲೇ ಕಣ್ಣು ಒರೆಸಿಕೊಂಡ ಹಾಗೆ ಉರಿ. ಪಕ್ಕದಲ್ಲಿ ಸೊಸೆ ಸುನಿತಾ ನನ್ನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ, ಅಂಜಬ್ಯಾಡ್ರಿ ಅತ್ತ್ಯಾರ, ಏನೂ ಆಗಿರೂದಿಲ್ಲ, ಅನ್ನುತ್ತಾಳೆ, ಬೆಳಗ್ಗೆ ಮುಂಡರಗಿಯಲ್ಲಿ ಬಸ್ಸು ಹತ್ತಿದಾಗಿನಿಂದ ಅದೇ ಮಾತು, ಇಷ್ಟು ಸಲ ಅಂಜಬೇಡಿ ಅಂದರೆ ಅಂಜದವರೂ ಅಂಜುತ್ತಾರೆ. ನನಗೆ ಅಂಜಿಕೆ ಇದೆ. ಇದೆ ಅಂದರೆ ಇದೆ. ಅಪ್ಪನಿಗೂ ಹೀಗೆಯೇ ಶುರುವಾಗಿತ್ತು.

ಆದರೆ ನನಗೆ ಮೊದಲು ಕಣ್ಣಿನ ಮೇಲೆ ಅನುಮಾನ ಬರಲಿಲ್ಲವಲ್ಲ, ಅದೇ ವಿಚಿತ್ರ, ಅನುಮಾನ ಬಂದದ್ದು ನಮ್ಮ ಅಡುಗೆಯ ಹನಮವ್ವನ ಮೇಲೆ. ಖಾನಾವಳಿ ಇಟ್ಟವರಿಗೆ ಕೂದಲು ಕಂಡರೆ ಬೇರೆ ಏನು ಹೊಳೆಯುತ್ತದೆ. ಮಜ್ಜಿಗೆ ಹುಳಿಯಾಗಿದ್ದರೆ ಜನ ಸಹಿಸುತ್ತಾರೆ, ಪಲ್ಯಕ್ಕೆ ಉಪ್ಪು ಮುಂದಾಗಿದ್ದರೆ ನಕ್ಕು ಇನ್ನೊಂದು ರೊಟ್ಟಿ ಕೇಳುತ್ತಾರೆ, ತಟ್ಟೆಯಲ್ಲಿ ಕೂದಲು ಸಿಕ್ಕರೆ ಮಾತ್ರ ಎದ್ದು ಹೋಗುತ್ತಾರೆ, ಹೋದವರು ಬಸ್‌ಸ್ಟ್ಯಾಂಡಿನ ತುಂಬ ಹೇಳುತ್ತಾರೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ರೊಕ್ಕ ಎಣಿಸುವ ಗಲ್ಲೆಯ ಮೇಲೆ ಮಗನನ್ನು ಕೂರಿಸಿದೆ, ಒಲೆಯ ಮುಂದೆ ಹನಮವ್ವ ಇದ್ದಳು, ಖಾನಾವಳಿಯ ಬಾಗಿಲು ತೆರೆದ ದಿನದಿಂದ ರೊಟ್ಟಿ ಬಡಿಯುವವಳು ಅವಳೇ, ನಾನು ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೊಂದು ತಟ್ಟೆಯನ್ನೂ ಕಣ್ಣಿನಿಂದ ಮುಟ್ಟಿಯೇ ಹೊರಗೆ ಕಳಿಸುವುದು, ಅದು ನನ್ನ ಪದ್ಧತಿ, ನಮ್ಮ ಅತ್ತೆಯಿಂದ ಬಂದದ್ದು. ಹಾಗೆ ನಿಂತಾಗಲೇ ಒಂದು ಮಧ್ಯಾಹ್ನ ಮೊಸರಿನ ಬಟ್ಟಲಲ್ಲಿ ಕೂದಲು ಕಂಡಿತು. ಚಮಚ ಹಾಕಿ ತೆಗೆದೆ, ಬರಲಿಲ್ಲ, ಮೊಸರು ಚೆಲ್ಲಿ ಬೇರೆ ಹಾಕಿದೆ, ಅದರಲ್ಲೂ ಇತ್ತು. ಮರುದಿನ ರೊಟ್ಟಿಯ ಮೇಲೆ, ಆಮೇಲೆ ಹಸಿ ಉಳ್ಳಾಗಡ್ಡಿಯ ಹೋಳಿನ ಮೇಲೆ, ಬಿಳಿಯದು ಎಲ್ಲಿದೆಯೋ ಅಲ್ಲೆಲ್ಲ, ಬದನೆಕಾಯಿ ಎಣ್ಣೆಗಾಯಿಯಲ್ಲಿ ಮಾತ್ರ ಯಾವತ್ತೂ ಕಾಣಲಿಲ್ಲ, ಆಗಲಾದರೂ ತಿಳಿಯಬೇಕಿತ್ತು ನನಗೆ, ಮಸಾಲೆಯ ಕಪ್ಪಿನಲ್ಲಿ ಕಾಣುವುದಿಲ್ಲ ಅಷ್ಟೇ ಅಂದುಕೊಂಡೆ. ಹನಮವ್ವಾ, ತಲಿ ಕಟ್ಟಕೋ ಚಂದಾಗಿ. ಕಟ್ಟೀನ್ರಿ ಅಕ್ಕಾರ. ಸೆರಗ ಹೊದ್ದಕೋ. ಹೊದ್ದೀನಲ್ರಿ. ಮತ್ತ ಇದೆಲ್ಲಿಂದ ಬಂತ ಕೂದಲ? ಎಲ್ಲೈತ್ರಿ ಅಕ್ಕಾರ, ತೋರಸ್ರಿ. ತೋರಿಸಲು ಹೋದರೆ ಇರುವುದಿಲ್ಲ, ರೊಟ್ಟಿ ತಿರುವಿ ಹಾಕಿದರೂ ಇಲ್ಲ, ಅವಳು ನನ್ನ ಮುಖ ನೋಡುತ್ತಾಳೆ, ನಾನು ಅವಳ ಮುಖ ನೋಡುತ್ತೇನೆ, ರೊಟ್ಟಿ ಎಮ್ಮೆಯ ಬಾನಿಗೆ ಹೋಗುತ್ತದೆ. ಎಮ್ಮೆ ಆ ದಿನಗಳಲ್ಲಿ ದುಂಡಗಾಗಿಬಿಟ್ಟಿತು. ನಾನು ಚಾಳೀಸಿನ ಕನ್ನಡಕ ಏರಿಸಿಕೊಂಡು ತಟ್ಟೆಯ ಮೇಲೆ ಇನ್ನಷ್ಟು ಬಗ್ಗಿದೆ, ಮೂಗು ಪಲ್ಯಕ್ಕೆ ತಾಗುವಷ್ಟು ಬಗ್ಗಿ ಬಗ್ಗಿ ನೋಡಿದೆ, ಮತ್ತೆ ಒಂದು ದಿನ, ಅಷ್ಟು ನೋಡಿ ಕಳಿಸಿದ ತಟ್ಟೆಯಲ್ಲೇ, ನಮ್ಮ ಕಾಯಂ ಗಿರಾಕಿ ಹೇಮಪ್ಪ ಮಾಸ್ತರರು ಎಡಗೈಯ ಎರಡು ಬೆರಳಿನಿಂದ ನಿಜವಾದ ಕೂದಲೊಂದನ್ನು ಎಳೆದರು. ಇದೇನ್ರೀ ಸಿದ್ದಲಿಂಗವ್ವಾರ, ನಿಮ್ಮ ಮನ್ಯಾಗ ಹಿಂಗ, ಅಂದು ನಾನು ಓಡಿ ಬರುವಷ್ಟರಲ್ಲಿ ಕಿಟಕಿಯಿಂದ ಹೊರಗೆ ಬಿಟ್ಟುಬಿಟ್ಟರು. ಅಷ್ಟು ಸಾಕಾಯಿತು. ಅವತ್ತೇ ಪ್ಲಾಸ್ಟಿಕ್ ಟೊಪ್ಪಿಗೆ ತರಿಸಿದೆ, ಆಸ್ಪತ್ರೆಯಲ್ಲಿ ಆಪರೇಶನ್ನಿಗೆ ಹಾಕುತ್ತಾರಲ್ಲ ಅಂಥದು, ಒಲೆಯ ಝಳದಲ್ಲಿ ಅದನ್ನು ಹಾಕಿಕೊಂಡು ಕೂರು ಅಂದೆ. ಹಾಕಿಕೊಂಡಳು. ಬಯ್ಯಲಿಲ್ಲ, ಅಳಲಿಲ್ಲ, ಬಿಟ್ಟು ಹೋಗುತ್ತೇನೆ ಅನ್ನಲೂ ಇಲ್ಲ, ಮಾತು ಬಿಟ್ಟಳು ಅಷ್ಟೇ. ಟಪ ಟಪ ಟಪ, ರೊಟ್ಟಿ ಬಡಿಯುವ ಸಪ್ಪಳ ಒಂದೇ, ಮೊದಲಾದರೆ ಆ ಸಪ್ಪಳದ ನಡುನಡುವೆ ಊರಿನ ಖಬರೆಲ್ಲ ಬರುತ್ತಿತ್ತು, ಯಾರ ಮನೆಯಲ್ಲಿ ಕೂಸಿಗೆ ಏನು ಹೆಸರಿಟ್ಟರು, ಯಾರ ಸೊಸೆ ತವರಿಗೆ ಹೋಗಿ ಕೂತಳು, ಈಗ ಬರಿ ಟಪ ಟಪ, ಆ ಮೌನದಲ್ಲಿ ನನಗೆ ಊಟ ಸೇರುತ್ತಿರಲಿಲ್ಲ.

ಆಮೇಲೆ ಮಿಂಚು. ಸಂಜೆ ಅಡುಗೆಮನೆಯಲ್ಲಿ ದೀಪ ಹಚ್ಚುವ ಮೊದಲು, ತಲೆ ತಿರುಗಿಸಿದರೆ ಸಾಕು, ಬಲಗಣ್ಣಿನ ಅಂಚಿನಲ್ಲಿ ಚಕ್ಕನೆ ಒಂದು ಬೆಳಕು, ಬಿಲ್ಲಿನಂತೆ ಬಾಗಿದ್ದು, ಬಂದಷ್ಟೇ ಬೇಗ ಹೋಯಿತು. ಆಗಲೂ ನನ್ನ ಬುದ್ಧಿ ಎಲ್ಲಿಗೆ ಹೋಯಿತು ಅಂದರೆ ಗೋಡೆಯ ಸ್ವಿಚ್ ಬೋರ್ಡಿಗೆ! ವೈರಿಂಗ್ ಸುಡುತ್ತಿದೆ, ಗ್ಯಾಸಿನ ಸಿಲಿಂಡರ್ ಪಕ್ಕದಲ್ಲೇ ಇದೆ, ಖಾನಾವಳಿಗೆ ಬೆಂಕಿ ಬೀಳುತ್ತದೆ ಅಂತ ವೈರಿಂಗ್ ಕೆಲಸದ ನಜೀರಸಾಬನನ್ನು, ನಜಮಾಳ ಗಂಡನನ್ನು, ಕರೆಸಿದೆ, ಅವನು ಬೋರ್ಡು ಬಿಚ್ಚಿದ, ಕಟ್ಟಿದ, ಮತ್ತೆ ಕರೆಸಿದೆ, ಮತ್ತೆ ಬಿಚ್ಚಿದ, ಏನೂ ಇಲ್ರಿ ಅವ್ವಾರ, ವಾಯರ್ ಎಲ್ಲಾ ಬರೋಬ್ಬರಿ ಅದಾವ. ಅಲ್ಲಪಾ, ಈಗ ಹೊಡೀತಲ್ಲ ಮಿಂಚು, ನಿನ್ನ ತಲಿ ಮ್ಯಾಲೆ. ಯಾವಾಗ್ರಿ? ಈಗ. ಅವನು ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತ ನಿಂತ, ಒಲೆಯ ಮುಂದಿನಿಂದ ಹನಮವ್ವನೂ ತಿರುಗಿ ನೋಡಿದಳು, ಟಪ ಟಪ ನಿಂತಿತು, ಇಬ್ಬರಿಗೂ ಏನೂ ಕಂಡಿಲ್ಲ ಅಂತ ಅವರ ಮುಖ ಹೇಳಿತು. ಹಿತ್ತಲಿಗೆ ಹೋಗಿ ನಿಂತೆ, ಮೇಲೆ ನೋಡಿದೆ, ಒಂದು ತುಣುಕೂ ಮೋಡವಿಲ್ಲದ ಆಕಾಶ, ಆಕಾಶದ ನಡುವೆ ಕೂದಲು. ಹನಮವ್ವ ಎಷ್ಟೇ ಕೆದರಿಕೊಂಡರೂ ಅಲ್ಲಿಗೆ ಅವಳ ಕೂದಲು ಹೋಗುವುದಿಲ್ಲ. ಅವಾಗ ಅಪ್ಪ ನೆನಪಾದ. ಲಕ್ಷ್ಮೇಶ್ವರದಲ್ಲಿ ಕುಬಸದ ಖಣ ಮಾರುವ ಅಂಗಡಿ, ಗಾದಿಯ ಮೇಲೆ ಅಪ್ಪ, ಎದುರಿಗೆ ಖಣಗಳ ರಾಶಿ, ಯಾಕೋ ಕಣ್ಣಾಗ ಮಿಂಚ ಹೊಡದಂಗ ಆಗತೈತಿ ತಂಗಿ, ಅಂದಿದ್ದ ನನಗೆ, ಅವ್ವ ಜೇನುತುಪ್ಪ ಹಚ್ಚಿದಳು, ಯಾರೋ ಎಲೆಯ ರಸ ಹಿಂಡಿ ಎಂದರು, ಹಿಂಡಿದಳು, ಮಿಂಚು ನಿಲ್ಲಲಿಲ್ಲ, ಒಂದು ದಿನ ಅಪ್ಪ ಊಟಕ್ಕೆ ಕೂತವನು, ಬಾಜೂಕಿನಿಂದ ಯಾರೋ ಪರದಿ ಇಳಸಾಕತ್ತಾರ ನೋಡು ಅಂದ, ನಾವು ಬಾಗಿಲ ಪರದೆ ನೋಡಿದೆವು, ಅದು ಇದ್ದಲ್ಲೇ ಇತ್ತು. ಆ ಪರದೆ ಪೂರ್ತಿ ಇಳಿಯಿತು, ಮತ್ತೆ ಏಳಲಿಲ್ಲ. ದವಾಖಾನೆಗೆ ಹೋದಾಗ ತಡವಾಗಿತ್ತು, ಕಣ್ಣೊಳಗಿನ ಪರದಿ ಹರದು ಬಿಚ್ಚಿ ಬಂದೈತಿ ಅಂದರಂತೆ. ಆಮೇಲೆ ಅಪ್ಪ ಖಣ ಅಳೆಯುವಾಗ ಉಳಿದ ಒಂದೇ ಕಣ್ಣಿನಿಂದ ಇಡೀ ತಲೆಯನ್ನೇ ತಿರುಗಿಸಿ ನೋಡುತ್ತಿದ್ದ, ಕೋಳಿ ನೋಡಿದ ಹಾಗೆ, ಹುಡುಗಿಯರು ಮುಸಿಮುಸಿ ನಗುತ್ತಿದ್ದರು, ನಾನೂ ಒಮ್ಮೆ ನಕ್ಕಿದ್ದೆ, ಸಣ್ಣವಳಿದ್ದೆ. ನನ್ನ ಕಣ್ಣು ಹೋದರೆ ಬಾಗಿಲಲ್ಲಿ ನಿಂತು ನಾನು ಏನನ್ನು ಮುಟ್ಟಲಿ? ಕಣ್ಣಿಲ್ಲದ ಸಿದ್ದಲಿಂಗವ್ವನಿಗೆ ಒಂದು ಮೂಲೆ, ಒಂದು ಕುರ್ಚಿ, ಹೊತ್ತಿಗೆ ಸರಿಯಾಗಿ ಊಟ, ಸುನಿತಾ ಒಳ್ಳೆಯವಳು, ಕೊಡುತ್ತಾಳೆ, ಆ ಕೊಡುವುದೇ ಬೇಡ ನನಗೆ. ಸಿದ್ದಲಿಂಗವ್ವಾ ಯಾರ್ರಿ, ಒಳಗ ಬರ್ರಿ. ಕರೆದರು. ಸುನಿತಾ ಮೊಳಕೈ ಹಿಡಿದಳು, ಬಿಡು, ನಡೀತೇನಿ, ಅಂದೆ, ಬಾಗಿಲ ಚೌಕಟ್ಟು ಎರಡಾಗಿ ಕಂಡು ಮತ್ತೆ ಅವಳ ಕೈಯನ್ನೇ ಹಿಡಿದೆ.

ಕತ್ತಲೆಯ ಕೋಣೆ, ಗದ್ದ ಇಡಲು ಒಂದು ತಟ್ಟೆ, ಅಲ್ಲಿಟ್ಟರೆ ಕಣ್ಣಿಗೆ ಬೆಳಕಿನ ಸಲಾಕೆ, ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಧಾರವಾಡದ ಕಡೆಯ ಮಾತು, ತಲೆಗೆ ದೀಪ ಕಟ್ಟಿಕೊಂಡು ನನ್ನ ಮೇಲೆ ಬಗ್ಗಿದಳು, ಮ್ಯಾಲೆ ನೋಡ್ರಿ, ಕೆಳಗ ನೋಡ್ರಿ, ನಿಮ್ಮ ಕಿವಿ ಕಡೆ ನೋಡ್ರಿ, ನಾನು ತಟ್ಟೆಗಳನ್ನು ನೋಡುವ ಹಾಗೆಯೇ ನೋಡುತ್ತಾಳೆ ಇವಳು, ಮೂಲೆ ಮೂಲೆ ಬಿಡದೆ, ಒಳ್ಳೆಯದು, ನೋಡು ತಾಯಿ, ಚೆನ್ನಾಗಿ ನೋಡು, ನನ್ನ ಕೈ ಕೊರಳಿನ ಲಿಂಗ ಹುಡುಕಿ ಸೀರೆಯ ಮೇಲಿನಿಂದಲೇ ಬಿಗಿ ಹಿಡಿಯಿತು. ಎಷ್ಟು ಹೊತ್ತು ಮಾತಾಡಲಿಲ್ಲ ಅವಳು. ಮಾತಾಡದವರ ಜೊತೆ ಇರುವುದು ಎಷ್ಟು ಕಷ್ಟ ಅಂತ ನನಗೆ ಹೇಳಿಕೊಡಬೇಕಾಗಿಲ್ಲ. ಕಡೆಗೆ ದೀಪ ಆರಿಸಿದಳು. ಪರದಿ ಹರದೈತೇನ್ರಿ? ಕೇಳಿದ್ದು ನನ್ನ ದನಿಯೇ, ಆದರೆ ಅಪ್ಪನ ದನಿಯ ಹಾಗಿತ್ತು. ಇಲ್ರಿ ಅಮ್ಮಾ, ಎಲ್ಲೂ ಹರದಿಲ್ಲ, ಎಲ್ಲಾ ಕಡೆ ನೋಡೀನಿ. ಹಂಗಾರ ಈ ಕೂದಲ? ಅದು ಕೂದಲ ಅಲ್ರಿ, ನೆರಳು. ಗೋಡೆಯ ಮೇಲಿನ ಕಣ್ಣಿನ ಚಿತ್ರಕ್ಕೆ ಬೆರಳಿಟ್ಟು ಹೇಳಿದಳು, ಕಣ್ಣಿನ ಗುಡ್ಡಿ ಒಳಗ ಖಾಲಿ ಇರೂದಿಲ್ರಿ, ತಿಳಿ ಲೋಳಿ ತುಂಬಿರ್ತೈತಿ, ಬೆಳಕ ಅದರಾಗಿಂದ ಹಾದು ಹಿಂದಿನ ಪರದಿ ಮ್ಯಾಲೆ ಬೀಳ್ತೈತಿ, ಆವಾಗ ನಮಗ ಕಾಣತೈತಿ, ವಯಸ್ಸಾದಂಗ ಆ ಲೋಳಿ ಅಲ್ಲಲ್ಲಿ ನೀರಾಗಿ ಕುಗ್ತೈತಿ, ಒಳಗಿನ ಎಳಿ ಕೂಡಿ ಗಂಟ ಆಗ್ತಾವ, ಆ ಗಂಟಿನ ನೆರಳ ನೋಡ್ರಿ ನಿಮ್ಮ ಕೂದಲ. ಮತ್ತ ಮಿಂಚು? ಲೋಳಿ ಪರದಿಗೆ ಅಂಟಕೊಂಡಿರ್ತೈತ್ರಿ, ಕುಗ್ಗಿ ಬಿಡುವಾಗ ಎಳೀತೈತಿ, ಎಳದಾಗ ಬೆಳಕ ಕಂಡಂಗ ಆಗತೈತಿ, ಕೆಲವರಿಗೆ ಆ ಎಳೆತಕ್ಕ ಪರದಿನೇ ಹರೀತೈತಿ, ನಿಮ್ಮದು ಹರೀದಂಗ ಬಿಟ್ಟೈತಿ. ರೊಟ್ಟಿ ಹಂಚ ಬಿಟ್ಟಂಗೇನ್ರಿ? ಬಾಯಿಂದ ಬಂದುಬಿಟ್ಟಿತು. ಅವಳು ನಕ್ಕಳು, ಹಾಂ, ಅಷ್ಟ ನೋಡ್ರಿ. ಅಷ್ಟೇ ಅಂದರೆ ಅಷ್ಟೇನಾ! ಹಂಚು ಕಾಯದಿದ್ದರೆ ರೊಟ್ಟಿ ಕಚ್ಚಿಕೊಳ್ಳುತ್ತದೆ, ಎಬ್ಬಿಸಲು ಹೋದರೆ ಅರ್ಧ ಕೈಗೆ ಅರ್ಧ ಹಂಚಿಗೆ, ಹದವಾಗಿ ಕಾದಿದ್ದರೆ ಅಂಚಿನಿಂದ ತಾನೇ ಏಳುತ್ತದೆ, ಇಡಿಯಾಗಿ, ಒಂದು ಚೂರೂ ಬಿಡದೆ — ನನ್ನ ಕಣ್ಣಿನಲ್ಲಿ ಹಾಗೆ ಎದ್ದಿದೆ, ಅಪ್ಪನ ಕಣ್ಣಿನಲ್ಲಿ ಕಚ್ಚಿಕೊಂಡಿತ್ತು. ಇದೇ ಮಾತನ್ನು ಅಪ್ಪನಿಗೂ ಯಾರಾದರೂ ಹೇಳಿದ್ದರೆ. ಕೂದಲ ಹೋಗೂದಿಲ್ರಿ ಅದು, ಇರ್ತೈತಿ, ಬರಬರತಾ ನೀವ ಮರೀತೀರಿ, ಆದರ ಮಿಂಚ ಜಾಸ್ತಿ ಆದರ, ಮಸಿ ಉದರಿದಂಗ ಆದರ, ಪರದಿ ಇಳದಂಗ ಆದರ ಆ ದಿನಾನ ಓಡಿ ಬರಬೇಕು, ಜೇನತುಪ್ಪ ಗೀನತುಪ್ಪ ಹಚ್ಚಕೊಂತ ಕುಂಡ್ರಬ್ಯಾಡ್ರಿ. ಇವಳಿಗೆ ಜೇನುತುಪ್ಪ ಹೇಗೆ ಗೊತ್ತಾಯಿತು? ನಾನೇ ಹೇಳಿದ್ದೆನೋ ಏನೋ. ಸುನಿತಾ ಹಿಂದಿನಿಂದ ಮೂಗು ಏರಿಸಿದ ಸಪ್ಪಳ, ಇಷ್ಟು ಹೊತ್ತು ಅಂಜಬ್ಯಾಡ್ರಿ ಅಂದವಳು ಅಳುತ್ತಿದ್ದಾಳೆ, ಹುಚ್ಚಿ.

ಬಸ್ಸಿನ ಕಿಟಕಿ, ಕಪ್ಪು ಚಸ್ಮಾ, ಆದರೂ ಹೊರಗೆಲ್ಲ ಬೆಳಕೇ ಬೆಳಕು, ಹನಿ ಹಾಕಿ ಅಗಲ ಮಾಡಿದ ಕಣ್ಣಿನ ಬಾಗಿಲು ಇನ್ನೂ ಮುಚ್ಚಿಲ್ಲ, ಸಂಜೆಯ ಹೊತ್ತಿಗೆ ಸರಿಹೋಗುತ್ತದಂತೆ, ಹೋಗಲಿ, ಹೋಗದೆ ಎಲ್ಲಿಗೆ ಹೋಗುತ್ತದೆ, ಹಗುರ ಅಂದರೆ ಇಷ್ಟು ಹಗುರ, ತಲೆಯ ಮೇಲಿನ ಹಿಟ್ಟಿನ ಚೀಲ ಯಾರೋ ಇಳಿಸಿಕೊಂಡ ಹಾಗೆ, ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಸುನಿತಾಳಿಗೆ ಗಿರಮಿಟ್ ಕೊಡಿಸಿದೆ, ಮಿರ್ಚಿ ಕೊಡಿಸಿದೆ, ನನಗೂ ಬೇಕು ಅಂದೆ, ಎಷ್ಟು ದಿನದ ಮೇಲೆ ಬಾಯಿಗೆ ರುಚಿ. ಲೋಳೆ. ತಿಳಿ ಲೋಳೆ, ಕುದಿಸಿದ ಸಾಬುದಾಣಿಯಂಥದ್ದು ಇರಬೇಕು. ಇಷ್ಟು ವರ್ಷ ಅದರೊಳಗಿಂದಲೇ ನೋಡಿದೆನಲ್ಲ ನಾನು, ಮದುವೆಯ ದಿನ ಅಂತರಪಟ ಸರಿದಾಗ ಅವರ ಮುಖ, ಹುಟ್ಟಿದ ಮಗನ ಸುಕ್ಕು ಹಣೆ, ಹನಮವ್ವನ ರೊಟ್ಟಿ ಉಬ್ಬುವುದು, ಎಲ್ಲವೂ ಅದರ ಮೂಲಕವೇ ಹಾದು ಬಂದಿದೆ, ಒಂದು ದಿನವಾದರೂ ನಾನಿದ್ದೇನೆ ಅಂತ ಅದು ಹೇಳಲಿಲ್ಲ, ಈಗ ವಯಸ್ಸಾಗಿ ಕುಗ್ಗಿದ ಮೇಲೆ ಒಂದು ಗಂಟು ತೋರಿಸಿತು, ಅಷ್ಟಕ್ಕೆ ನಾನು ಊರೆಲ್ಲ ಒಂದು ಮಾಡಿದೆ. ಡಂಬಳ ದಾಟಿತು. ಕಪ್ಪತಗುಡ್ಡದ ಮೇಲೆ ಗಾಳಿಯ ಕಂಬಗಳು ತಿರುಗುತ್ತಿವೆ, ಬೆಳಕಿನಲ್ಲಿ ಕರಗಿ ಕರಗಿ, ಬಿಳಿಜೋಳದ ಹೊಲ, ಕಡಲೆ, ಮತ್ತೆ ಜೋಳ, ಆಕಾಶದಲ್ಲಿ ಕರಿಯದೊಂದು ಗೆರೆ — ಇದು ಹೊಸದು, ಮಸಿ ಉದುರಿತೇ? ಕಣ್ಣು ಅತ್ತ ಹೊರಳಿಸಿದೆ, ಗೆರೆ ಬರಲಿಲ್ಲ, ತನ್ನ ಪಾಡಿಗೆ ತಾನು ಹೋಗುತ್ತಿತ್ತು, ನನ್ನ ಕೂದಲು ಮಾತ್ರ ಕಣ್ಣಿನ ಜೊತೆ ಜಾರಿತು. ಸುನಿತಾ, ಅಲ್ಲೇನೈತಿ ಮ್ಯಾಲೆ? ಹಕ್ಕಿ ಅತ್ತ್ಯಾರ, ಮಾಗಡಿ ಕೆರಿಗೆ ಬರತಾವಲ್ಲ, ಆ ಬಾತುಕೋಳಿ ಸಾಲು. ಸರಿ. ಹಾಗಾದರೆ ಇಷ್ಟೇ ಲೆಕ್ಕ, ಕಣ್ಣಿನ ಜೊತೆ ಬಂದರೆ ಒಳಗಿನದು, ಬರದಿದ್ದರೆ ಹೊರಗಿನದು, ಎಷ್ಟು ಸುಲಭ, ಇದನ್ನು ಮೊದಲೇ ಮಾಡಿ ನೋಡಿದ್ದರೆ ಎಮ್ಮೆಗೆ ಅಷ್ಟು ರೊಟ್ಟಿ ಹೋಗುತ್ತಿರಲಿಲ್ಲ. ಹನಮವ್ವನಿಗೆ ಏನು ಹೇಳಲಿ? ಡಾಕ್ಟರ್ ಹಿಂಗಂದ್ರು ಹನಮವ್ವಾ. ಬೇಡ, ಅದು ಡಾಕ್ಟರರ ಮಾತಾಯಿತು. ಟೊಪ್ಪಿಗಿ ತಗಿ ಹನಮವ್ವಾ. ಅದು ಹುಕುಮಾಯಿತು. ತಪ್ಪಾತು. ಈ ಮಾತು ಕಾಯದ ಹಂಚಿನ ರೊಟ್ಟಿಯ ಹಾಗೆ ಕಚ್ಚಿಕೊಂಡು ಏಳುವುದೇ ಇಲ್ಲ. ಆದರೂ ಮಾಸ್ತರರು ಎಳೆದದ್ದಂತೂ ಖರೆ ಕೂದಲೇ ತಾನೆ, ಅದು ಹನಮವ್ವನದೇ ಇದ್ದೀತು, ಇರಲಿ, ಒಂದು ಕೂದಲು, ಮನುಷ್ಯರ ತಲೆ, ಉದುರುತ್ತದೆ, ಅದನ್ನು ನಾನು ಕ್ಷಮಿಸಿಬಿಟ್ಟೆ, ಮುಂಡರಗಿ ಬರುವಷ್ಟರಲ್ಲಿ ಪೂರ್ತಿ ಕ್ಷಮಿಸಿಬಿಟ್ಟೆ.

ಖಾನಾವಳಿಯ ಬಾಗಿಲು, ಸಂಜೆ, ಟಪ ಟಪ ಕೇಳುತ್ತಿದೆ, ನನ್ನ ಚಪ್ಪಲಿಯ ಸಪ್ಪಳಕ್ಕೆ ಅದು ನಿಂತಿತು. ಏನಂದ್ರು ಅಕ್ಕಾರ? ಹಿಟ್ಟಿನ ಕೈಯಲ್ಲೇ ಎದ್ದು ನಿಂತಿದ್ದಾಳೆ, ತಲೆಯ ಮೇಲೆ ಆ ಟೊಪ್ಪಿಗೆ, ಬೆವರಿಗೆ ಹಣೆಗೆ ಅಂಟಿದೆ, ಇಷ್ಟು ದಿನದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು, ಬೆಳಗಿನಿಂದ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತಿದ್ದಳೇನೋ. ನಾನು ಬಸ್ಸಿನಲ್ಲಿ ಕಟ್ಟಿದ್ದ ಮಾತೆಲ್ಲ ಎಲ್ಲಿಗೋ ಹೋದವು. ಕಣ್ಣ ಉಳೀತು ಹನಮವ್ವಾ, ಅಂದೆ, ಕೂದಲ ನನ್ನ ಕಣ್ಣಾಗ ಐತಂತ, ನಿನ್ನ ರೊಟ್ಟ್ಯಾಗಲ್ಲ. ಅವಳು ಟೊಪ್ಪಿಗೆಯನ್ನು ಹಿಟ್ಟಿನ ಕೈಯಿಂದಲೇ ಕಿತ್ತು ನನ್ನ ಮುಂದೆ ಹಿಡಿದಳು, ಹಂಗಾರ ತಗೋರಿ, ನಿಮ್ಮ ಕಣ್ಣಿಗೆ ಹಾಕ್ಕೋರಿ ಇದನ್ನ. ಸುನಿತಾ ನಕ್ಕಳು, ಗಲ್ಲೆಯ ಮೇಲಿನ ಮಗ ನಕ್ಕ, ಹನಮವ್ವ ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ನಾನಂತೂ ನಗುವುದೋ ಅಳುವುದೋ ತಿಳಿಯದೆ ಬಾಗಿಲಿಗೆ ಒರಗಿದೆ. ಇವತ್ತ ನಿಂದ್ರಬ್ಯಾಡ್ರಿ ಬಾಗಲದಾಗ, ಕುಂಡ್ರಿ, ಉಣ್ರಿ, ನಾ ಹಾಕತೇನಿ. ಕೂತೆ, ಗಿರಾಕಿಗಳು ಕೂರುವ ಬಾಕಿನ ಮೇಲೆ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ. ಸುನಿತಾ ತಟ್ಟೆ ತಂದಿಟ್ಟಳು, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೊಸರು, ಅಭ್ಯಾಸಬಲ, ಚಾಳೀಸು ಹಾಕಿಕೊಂಡು ತಟ್ಟೆಯ ಮೇಲೆ ಬಗ್ಗಿ ಬಗ್ಗಿ ನೋಡಿದೆ, ಎಲ್ಲ ಸ್ವಚ್ಛ, ಹನಿಯ ಮಂಜೂ ಆರಿದೆ, ಹನಮವ್ವ ತಾನೇ ಬಂದು ಬಿಸಿ ರೊಟ್ಟಿ ಹಾಕಿದಳು, ಹಂಚಿನಿಂದ ಇಡಿಯಾಗಿ ಎದ್ದದ್ದು, ಉಬ್ಬಿ ಈಗಷ್ಟೇ ಇಳಿಯುತ್ತಿದೆ, ಒಲೆಯ ಮುಂದೆ ಖಬರು ಶುರುವಾಗಿದೆ ಆಗಲೇ, ಗೊತ್ತಾತೇನ್ರಿ ಅಕ್ಕಾರ, ರಾಮವ್ವನ ಮಗಳಿಗೆ ಗಂಡ ಗಟ್ಟಿ ಆತಂತ, ಟಪ ಟಪ, ಶಿರಹಟ್ಟಿ ಕಡೆಯವರಂತ, ಟಪ ಟಪ, ಎಷ್ಟು ಚಂದ ಈ ಸಪ್ಪಳ, ಇದಕ್ಕಿಂತ ಇನ್ನೇನು ಬೇಕು, ರೊಟ್ಟಿಯ ಬಿಳಿಯ ಮೇಲೆ ನನ್ನ ಕೂದಲು ತೇಲಿ ಬಂತು, ಬಾರಪ್ಪ, ನೀನೂ ಉಣ್ಣು ಬಾ, ಕಣ್ಣು ಎಡಕ್ಕೆ ಹೊರಳಿಸಿದೆ, ಎಡಕ್ಕೆ ಜಾರಿ ಹೋಯಿತು — ಇನ್ನೊಂದು ಹೋಗಲಿಲ್ಲ. ಬಲಕ್ಕೆ ಹೊರಳಿಸಿದೆ. ಅದು ಅಲ್ಲೇ ಇದೆ. ರೊಟ್ಟಿಯ ಅಂಚಿನಲ್ಲಿ, ಬಿಸಿಗೆ ಸ್ವಲ್ಪ ಬಾಗಿ, ಅದುರದೆ. ಹನಮವ್ವನ ಕೂದಲು ಪೂರ್ತಿ ಕರಿಯದು, ಈ ವಯಸ್ಸಿನಲ್ಲೂ, ಅವಳು ಮದರಂಗಿ ಹಚ್ಚುವವಳಲ್ಲ, ಸುನಿತಾಳದೂ ಕರಿಯದು, ಚಾಳೀಸು ಸರಿಮಾಡಿಕೊಂಡೆ, ಇನ್ನೊಮ್ಮೆ ಕಣ್ಣು ಹೊರಳಿಸಿದೆ, ಹೇಮಪ್ಪ ಮಾಸ್ತರರ ಎರಡು ಬೆರಳು, ಕಿಟಕಿ, ತಟ್ಟೆ ತಟ್ಟೆಯ ಮೇಲೂ ಬಗ್ಗಿದ ನನ್ನ ತಲೆ, ಯಾಕ್ರಿ ಅಕ್ಕಾರ, ಉಣವಲ್ರಿ, ಏನಾತು, ಟಪ ಟಪ ನಿಂತಿದೆ, ಅವಳು ತಿರುಗಿ ನೋಡುತ್ತಿದ್ದಾಳೆ, ಏನಾಯಿತು ಅಂದರೆ, ಬಿಳಿ ರೊಟ್ಟಿಯ ಮೇಲೆ ಒಂದು ಕೂದಲು, ಎಲ್ಲಿಗೂ ಜಾರದ ಒಂದೇ ಒಂದು ಕೂದಲು, ಬುಡ ಬಿಳಿ, ತುದಿ ಕೆಂಪು.